ಹಿಮ್ಮುಖ ನಡಿಗೆ

ಹಗ್ಗ ಹೊಸೆಯುವವನು ಮುಂದಕ್ಕೆ ನಡೆಯುವುದಿಲ್ಲ.
ಸೊಂಟಕ್ಕೆ ಸೆಣಬಿನ ಕಂತೆ ಸುತ್ತಿಕೊಂಡು,
ಚಕ್ರದ ಕಡೆಗೇ ಮುಖ ಮಾಡಿ,
ಬೆರಳಲ್ಲಿ ನಾರು ಬಿಡುತ್ತ ಬಿಡುತ್ತ
ಹಿಂದೆ, ಹಿಂದೆ, ಇನ್ನೂರು ಹೆಜ್ಜೆ,
ಎವೊರಾದ ನೀರ್ಗಾಲುವೆಯ ಕಮಾನುಗಳ ನೆರಳಲ್ಲಿ.
ನನ್ನಪ್ಪ ಹಾಗೆ ನಡೆದ. ನಾನೂ.
ಎಲ್ಲಿಗೆ ಹೋಗುತ್ತಿದ್ದೇನೆಂದು ಬೆನ್ನಿಗೆ ಗೊತ್ತು,
ಕಣ್ಣಿಗಲ್ಲ.

ಚಕ್ರ ತಿರುಗಿಸುವವಳು ಮಗಳು, ಬ್ರಿಯೊಲಾಂಜಾ.
ಹನ್ನೊಂದು ವರ್ಷ. ಬಾಯಿಗೆ ಬೀಗವಿಲ್ಲ.
ಇದು ಯಾರಿಗಪ್ಪಾ?
ಸಾಂತು ಆಂತಾಂವ್ ಇಗರ್ಜಿಯ ಗಂಟೆಗೆ.
ಇದು?
ಹೇಸರಗತ್ತೆಯವನಿಗೆ.
ಇದು?
ಪವಿತ್ರ ಕಚೇರಿಗೆ.
ಅಲ್ಲೂ ಬಾವಿ ಇದೆಯಾ?
ರಾಟೆ ಇದೆ, ಅಂದೆ.
ಸುಳ್ಳಲ್ಲ.

ಕಚೇರಿ ಇರುವುದು ಗುಡ್ಡದ ನೆತ್ತಿಯಲ್ಲಿ,
ರೋಮನರ ಹಳೇ ಗುಡಿಯ ಪಕ್ಕಕ್ಕೆ.
ಗುಡಿ ಈಗ ಕಸಾಯಿಖಾನೆ.
ಯಾವ ಗೋಡೆಯೊಳಗಿಂದ ಯಾವ ಕೂಗು ಅಂತ
ಆ ಬೀದಿಯಲ್ಲಿ ಯಾರೂ ನಿಂತು ಕೇಳುವುದಿಲ್ಲ.

ಒಂಬತ್ತು ಮಾರು, ಹೆಬ್ಬೆರಳ ದಪ್ಪ,
ಸಿಬಿರು ಇರಕೂಡದು, ಅಂದಿದ್ದರು.
ಚರ್ಮ ಹರಿಯಬಾರದು,
ಧರ್ಮಸಭೆ ರಕ್ತ ಹರಿಸುವುದಿಲ್ಲ.
ಮೂರು ಸಲ ಮೇಣ ಉಜ್ಜಿದೆ.
ಇಷ್ಟು ನುಣುಪಾದ ಹಗ್ಗ
ಈ ಊರಲ್ಲಿ ಇನ್ನೊಬ್ಬ ಹೊಸೆಯಲಾರ.
ಹೆಮ್ಮೆಯಿತ್ತು. ಮುಚ್ಚಿಡುವುದೇಕೆ.

ಎರಡು ತಿಂಗಳಿಗೆ ಹಗ್ಗ ವಾಪಸು ಬಂತು.
ತಂದವನು ಗುಮಾಸ್ತ ಬೆರ್ನಾಲ್ದು, ನೆಗಡಿಯಾಗಿತ್ತು ಪಾಪ,
ಮೂಗೊರೆಸಿಕೊಳ್ಳುತ್ತ ತುಂಬ ಮರ್ಯಾದೆಯಿಂದ ಹೇಳಿದ:
ಒಂದು ಗೇಣು ಜಗ್ಗಿದೆ ಮಾರಾಯ.
ಕಾಲ್ಬೆರಳು ನೆಲ ಮುಟ್ಟುತ್ತಿದೆ.

ಯಾರ ಕಾಲು ಎಂದು ನಾನು ಕೇಳಲಿಲ್ಲ.
ಗೇಣು ಕತ್ತರಿಸಿ, ತುದಿ ಹೆಣೆದು ಕೊಟ್ಟೆ.
ಕಾಸು ತೆಗೆದುಕೊಳ್ಳಲಿಲ್ಲ.

ಹೊರಡುವಾಗ ಒಂದು ತಮಾಷೆಯನ್ನೂ ಹೇಳಿದ:
ಒಬ್ಬರನ್ನು ಒಂದೇ ಸಲ ಹಿಂಸಿಸಬೇಕೆಂದು ಕಾನೂನು.
ಹಾಗಾಗಿ ನಾವು 'ಮುಗಿಯಿತು' ಎಂದು ಬರೆಯುವುದೇ ಇಲ್ಲ,
'ಸದ್ಯಕ್ಕೆ ನಿಲ್ಲಿಸಿದೆ' ಎಂದು ಬರೆಯುತ್ತೇವೆ.

ಹೂವಿನ ಜೊತೆ ನಾರೂ ಸ್ವರ್ಗಕ್ಕಂತೆ.
ಬರೀ ನಾರು ಮಾರಿದವನು?

ಇನ್ನು ಹೇಳಬೇಕಾದ್ದು.
ಉಪವಾಸದ ದಿನಗಳಲ್ಲಿ ಇಗರ್ಜಿಯ ಕಟ್ಟೆಯಿಂದ
ಪಟ್ಟಿ ಓದಿದರು: ಶನಿವಾರ ಮಡಿಬಟ್ಟೆ ಉಡುವವರು,
ಈರುಳ್ಳಿಯನ್ನು ಹಂದಿಕೊಬ್ಬು ಬಿಟ್ಟು ಎಣ್ಣೆಯಲ್ಲಿ ಹುರಿಯುವವರು.
ಗೊತ್ತಿದ್ದೂ ಹೇಳದವರ ಆತ್ಮ, ಅವರ ಹೊಣೆ.
ಮೂವತ್ತು ದಿನ ಗಡುವು.
ಇಪ್ಪತ್ತೊಂಬತ್ತನೆಯ ದಿನ ನಾನು ಹೋದೆ.

ವಿಧವೆ ಗಿಯೊಮಾರ್,
ಬಣ್ಣ ಹಾಕುವವರ ಓಣಿಯವಳು,
ಬಟ್ಟೆ ಒಣಗಿಸಲು ಏಳು ಮಾರು ಹಗ್ಗ ಕೇಳಿದ್ದಳು.
ಶುಕ್ರವಾರದೊಳಗೆ ಬೇಕು ಅಂದಿದ್ದಳು.
ಅಷ್ಟೇ ಹೇಳಿದ್ದು.
ಅಷ್ಟನ್ನೇ ಬರೆದುಕೊಂಡರು.
ಬರೆಯಲು ತುಂಬ ಹೊತ್ತು ಹಿಡಿಯಿತು.

ಮರುವರ್ಷ ಸುಗ್ಗಿ ಕಳೆದ ಮೇಲೆ ಬಂದಳು ಅಂಗಡಿಗೆ,
ಮೈಮೇಲೆ ಅವರು ತೊಡಿಸಿದ ಹಳದಿ ಅಂಗಿ.
ಕೂದಲು ಬೆಳ್ಳಗಾಗಿತ್ತು, ಅದನ್ನು ಬಿಡಿ,
ಎರಡೂ ತೋಳು ತೊಳೆದು ನೇತುಹಾಕಿದ ಅಂಗಿಯ ತೋಳಿನಂತೆ.
ನನ್ನತ್ತ ನೋಡಿದಳು. ಮಗಳತ್ತ ನೋಡಿದಳು.
ಆ ಹಗ್ಗವನ್ನು ಕೆಳಗಿಳಿಸಿ ಕಟ್ಟಿಕೊಡುತ್ತೀರಾ,
ನನ್ನ ಕೈ ಈಗ ಇಷ್ಟೇ ಏಳುವುದು,
ಎಂದಳು.
ಸೊಂಟದವರೆಗೆ ಏಳಿಸಿ ತೋರಿಸಿದಳು.

ಅವಳಿಗೆ ಗೊತ್ತಿತ್ತೋ ಇಲ್ಲವೋ.
ಸಾಕ್ಷಿಯ ಹೆಸರು ಅವರು ಹೇಳುವುದಿಲ್ಲ.

ನಾನು ಹೋಗಲಿಲ್ಲ. ಕೆಲಸವಿದೆ ಅಂದೆ.
ಬ್ರಿಯೊಲಾಂಜಾ ಹೋದಳು,
ತನ್ನ ಎದೆಮಟ್ಟಕ್ಕೆ ಬಿಗಿದು ಕಟ್ಟಿ ಬಂದಳು.
ದುಪ್ಪಟಿಗಳ ಅಂಚು ಈಗ ಮಣ್ಣು ಮುಟ್ಟುತ್ತವೆ,
ಗಿಯೊಮಾರ್ ಅವನ್ನು ಮತ್ತೆ ಒಗೆಯುತ್ತಾಳೆ,
ಯಾವ ವಾರ ಎಂದು ನಾನು ಲೆಕ್ಕ ಇಡುವುದಿಲ್ಲ.

ಮಗಳು ಆಮೇಲೆ 'ಇದು ಯಾರಿಗೆ' ಎಂದು ಕೇಳಿಲ್ಲ.

ನಿನ್ನೆ ನೂರನೆಯ ಹೆಜ್ಜೆಯ ಹತ್ತಿರ
ಒಮ್ಮೆ, ಒಂದೇ ಒಂದು ಸಲ,
ತಿರುಗಿ ನೋಡಿದೆ.
ಕೈಯಲ್ಲಿ ಹುರಿ ಗಂಟಾಯಿತು.
ಅವಳು ಚಕ್ರ ನಿಲ್ಲಿಸಲಿಲ್ಲ.